ದಿನಾ ಒಂದು ಕಥೆ ಹೇಳಿ, ನೀತಿ ಕೇಳಬೇಡಿ

ಕೇಳುಗರಿಗೆ ನಮಸ್ಕಾರ.

ಈಗ ರೇಡಿಯೊ ಕೇಳುತ್ತಿರುವವರಲ್ಲಿ ಒಂದನೇ, ಎರಡನೇ ಕ್ಲಾಸಿಗೆ ಪಾಠ ಮಾಡುವ ಟೀಚರುಗಳಿರುತ್ತೀರಿ. ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡ ಅಜ್ಜ, ಅಜ್ಜಿಯರೂ ಇರುತ್ತೀರಿ. ನಾನು ಮಾತಾಡುವುದು ಮುಖ್ಯವಾಗಿ ನಿಮ್ಮ ಹತ್ತಿರ. ಮಕ್ಕಳ ಕಲಿಕೆ ಸುಧಾರಿಸುವುದು ಹೇಗೆ ಅಂತ ಹೇಳಿ ಎಂದು ನನ್ನನ್ನು ಇಲ್ಲಿಗೆ ಕರೆದಿದ್ದಾರೆ. ನನ್ನ ಉತ್ತರ ಚಿಕ್ಕದು. ದಿನಾ ಮಕ್ಕಳಿಗೆ ಒಂದು ಕಥೆ ಹೇಳಿ. ಹೇಳಿ ಮುಗಿಸಿದ ಮೇಲೆ "ಈ ಕಥೆಯ ನೀತಿ ಏನು?" ಅಂತ ಮಾತ್ರ ಕೇಳಬೇಡಿ.

ಮೂರನೇ ಕ್ಲಾಸು ಮುಗಿಸುವಷ್ಟರಲ್ಲಿ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದಬೇಕು ಅಂತ ಕೇಂದ್ರ ಸರ್ಕಾರ 2021ರಲ್ಲಿ ನಿಪುಣ್ ಭಾರತ್ ಅನ್ನುವ ಯೋಜನೆ ಶುರು ಮಾಡಿತು. ಅದಕ್ಕೆ 2026-27ರ ಗಡುವನ್ನೂ ಇಟ್ಟಿತು. ಬಹಳ ಒಳ್ಳೆಯ ಕೆಲಸ. ಆದರೆ ಓದು ಬರುವುದಕ್ಕೆ ಮುಂಚೆ ಓದುವ ಆಸೆ ಹುಟ್ಟಬೇಕಲ್ವಾ? ಮುಂದೇನಾಯ್ತು, ಆಮೇಲೇನಾಯ್ತು ಅನ್ನುವ ಚಟ ಹತ್ತಿದ ಮಗು ಪುಸ್ತಕವನ್ನು ತಾನೇ ಹುಡುಕಿಕೊಂಡು ಹೋಗುತ್ತದೆ. ಆ ಚಟ ಹತ್ತಿಸುವ ಶಕ್ತಿ ಕಥೆಗೆ ಇದೆ. ವರ್ಕ್‌ಶೀಟಿಗೆ ಇಲ್ಲ.

ಒಂದು ಹಳ್ಳಿ ಶಾಲೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಆಗ ನಾನು ಟೀಚರುಗಳಿಗೆ ತರಬೇತಿ ಕೊಡುವ ಕೆಲಸದಲ್ಲಿದ್ದೆ. ಎರಡು ಕೋಣೆ, ಇಬ್ಬರು ಟೀಚರು ಇದ್ದ ಶಾಲೆ ಅದು. ದಸರಾ ರಜೆ ಮುಗಿದರೂ ಎರಡನೇ ಕ್ಲಾಸಿನ ಮಕ್ಕಳು ಒತ್ತಕ್ಷರ ಕಂಡರೆ ಬಾಯಿ ಬಿಡುತ್ತಿರಲಿಲ್ಲ. 'ಜನ', 'ಸರ', 'ಮರ' ಓದುತ್ತಿದ್ದರು. 'ಹಣ್ಣು' ಬಂದರೆ ನಿಂತುಬಿಡುತ್ತಿದ್ದರು. ಮೇಡಂ ಚೆನ್ನಾಗಿ ದುಡಿಯುವವರು. ನಲಿಕಲಿ, ಅಂದರೆ ನಲಿಯುತ್ತಾ ಕಲಿಯುವ ನಮ್ಮ ಸರ್ಕಾರಿ ಶಾಲೆಗಳ ಪದ್ಧತಿ, ಅದರ ಕಾರ್ಡುಗಳನ್ನೆಲ್ಲ ನೀಟಾಗಿ ಜೋಡಿಸಿಟ್ಟಿದ್ದರು. "ಸಾರ್, ಎಷ್ಟು ತಿದ್ದಿಸಿದರೂ ನಾಳೆ ಮರೆತಿರುತ್ತಾರೆ" ಅಂತ ಬೇಜಾರು ಮಾಡಿಕೊಂಡರು.

ಅಲ್ಲಿ ಬಿಸಿಯೂಟ ಮಾಡುವ ಅಡುಗೆಯಮ್ಮ ಒಬ್ಬರಿದ್ದರು. ಓದು ಬರಹ ಇಲ್ಲ. ಬೆಳಿಗ್ಗೆ ಅವರು ಮೊರ ಹಿಡಿದು ಅಕ್ಕಿ ಆರಿಸಲು ಕೂತರೆ ಬೇಗ ಬಂದ ಮಕ್ಕಳೆಲ್ಲ ಸುತ್ತ ಸೇರುತ್ತಿದ್ದರು. ಏನು ನಡೀತಿದೆ ಅಂತ ಹತ್ತಿರ ಹೋಗಿ ನೋಡಿದರೆ ಆಯಮ್ಮ ಕಥೆ ಹೇಳುತ್ತಿದ್ದಾರೆ! ಮಧ್ಯಾಹ್ನ ಊಟ ಆದ ಮೇಲೆ ಒಳಗೆ ಬಂದು ಹೇಳ್ತೀರಾ ಅಂತ ಮೇಡಂ ಕೇಳಿದರು. "ಅಯ್ಯೋ, ನಾನೇನು ಬಲ್ಲೆ ಮೇಡಮ್ಮಾ" ಅಂದರು. ಮಕ್ಕಳು ಸೆರಗು ಹಿಡಿದು ಎಳೆದುಕೊಂಡು ಬಂದರು.

ಅವರು ಹೇಳಿದ್ದು ಕಾಗಕ್ಕ ಗುಬ್ಬಕ್ಕನ ಕಥೆ. ನಿಮಗೆಲ್ಲ ಗೊತ್ತಿರುವುದೇ. ಊರೂರಿಗೆ ಸ್ವಲ್ಪ ಬೇರೆ ಬೇರೆ ಥರ ಇರುತ್ತದೆ. ಆಯಮ್ಮ ಹೇಳಿದ್ದರಲ್ಲಿ ಕಾಗಕ್ಕನದು ಮಣ್ಣಿನ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಜೋರು ಮಳೆ ಬಂತು. ಕಾಗಕ್ಕನ ಮನೆ ಕೊಚ್ಚಿಹೋಯಿತು. ನೆನೆದು ತೊಪ್ಪೆಯಾದ ಕಾಗಕ್ಕ ಬಂದು ಬಾಗಿಲು ಬಡಿದಳು. "ಗುಬ್ಬಕ್ಕ ಗುಬ್ಬಕ್ಕ, ಬಾಗಿಲು ತೆಗಿ." ಒಳಗಿಂದ ಗುಬ್ಬಕ್ಕ, "ತಾಳು ಕಾಗಕ್ಕ, ಮಗೀಗೆ ಎಣ್ಣೆ ಹಚ್ತಿದೀನಿ." ಇನ್ನೊಂದು ಸಲ ಬಡಿದಳು. "ತಾಳು ಕಾಗಕ್ಕ, ನೀರು ಹಾಕ್ತಿದೀನಿ." ಮತ್ತೆ ಬಡಿದಳು. "ಬಟ್ಟೆ ತೊಡಿಸ್ತಿದೀನಿ." ಮತ್ತೆ. "ಬೊಟ್ಟು ಇಡ್ತಿದೀನಿ." ಮತ್ತೆ. "ತೊಟ್ಟಿಲಿಗೆ ಹಾಕ್ತಿದೀನಿ."

ಮೂರನೇ ಸಲ ಬಾಗಿಲು ಬಡಿಯುವಷ್ಟರಲ್ಲಿ ಇಡೀ ಕ್ಲಾಸು ನೆಲ ಬಡಿದು "ಗುಬ್ಬಕ್ಕ ಗುಬ್ಬಕ್ಕ, ಬಾಗಿಲು ತೆಗಿ" ಅಂತ ಕೂಗುತ್ತಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ. ಮಾರನೇ ದಿನವೂ ಅದೇ ಕಥೆ ಬೇಕು ಅಂದರು. ಆಯಮ್ಮ ಜಾಣೆ, ಬೇಕಂತಲೇ ಬೊಟ್ಟನ್ನು ಮೊದಲು ಇಟ್ಟು, ಆಮೇಲೆ ನೀರು ಹಾಕಿದರು. ಮಕ್ಕಳು ಎದ್ದು ನಿಂತು ಜಗಳಕ್ಕೇ ಬಂದರು. "ಬೊಟ್ಟು ತೊಳೆದು ಹೋಗಲ್ವಾ ಅಜ್ಜಿ? ಮೊದಲು ಎಣ್ಣೆ, ಆಮೇಲೆ ನೀರು!" ಟೀಚರುಗಳೇ, ಘಟನೆಗಳನ್ನು ಸರಿಯಾದ ಕ್ರಮದಲ್ಲಿ ಹೇಳುವುದು ಅಂತ ನಾವು ಒಂದು ಕಲಿಕಾಫಲ ಬರೆದುಕೊಂಡು ಒದ್ದಾಡುತ್ತೇವಲ್ಲ, ಅದು ಅಲ್ಲಿ ಒಂದು ನಿಮಿಷದಲ್ಲಿ ಆಗಿಹೋಯಿತು.

ಆಮೇಲೆ ಮೇಡಂ ಮಾಡಿದ ಕೆಲಸ ನನಗೆ ಬಹಳ ಇಷ್ಟವಾಯಿತು. ಮಕ್ಕಳು ಕೂಗುತ್ತಿದ್ದ ಆ ಸಾಲನ್ನೇ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು. ಒಬ್ಬೊಬ್ಬರನ್ನೇ ಕರೆದು ಬೆರಳಿಟ್ಟು ಓದಿಸಿದರು. ಮೊದಮೊದಲು ಬಾಯಿಪಾಠವನ್ನೇ ಒಪ್ಪಿಸುತ್ತಿದ್ದರು. ಬರ್ತಾ ಬರ್ತಾ ಬೆರಳು ಅಕ್ಷರದ ಮೇಲೆ ನಿಲ್ಲತೊಡಗಿತು. ಈಗ ನೀವೇ ನೋಡಿ. ಗುಬ್ಬಕ್ಕ ಅನ್ನುವ ಒಂದೇ ಹೆಸರಿನಲ್ಲಿ ಎರಡು ಒತ್ತಕ್ಷರ ಇವೆ. ಮಣ್ಣು, ಕಲ್ಲು, ಎಣ್ಣೆ, ಬಟ್ಟೆ, ಬೊಟ್ಟು, ತೊಟ್ಟಿಲು, ಎಲ್ಲದರಲ್ಲೂ ಒತ್ತಕ್ಷರ! 'ಹಣ್ಣು' ಓದಲು ಹೆದರುತ್ತಿದ್ದ ಮಕ್ಕಳು ಇವನ್ನೆಲ್ಲ ಓದಿದರು. ಪದಕ್ಕೆ ಮುಂಚೆ ಅವರಿಗೆ ಆ ಮನೆ, ಆ ಮಳೆ, ಆ ಮಗು ಗೊತ್ತಿತ್ತು. ಅದಕ್ಕೇ ಹೆದರಲಿಲ್ಲ.

ಒಂದು ದಿನ ಹೊರಗಿನವರೊಬ್ಬರು ಶಾಲೆ ನೋಡಲು ಬಂದರು. ಮಕ್ಕಳು ಖುಷಿಯಿಂದ ಕಥೆಯನ್ನು ಆಡಿ ತೋರಿಸಿದರು. ಅವರು ಮೆಚ್ಚಿ ತಲೆದೂಗಿ, "ಸರಿ, ಈ ಕಥೆಯ ನೀತಿ ಏನು ಹೇಳಿ ನೋಡೋಣ" ಅಂದರು. ಅಷ್ಟು ಹೊತ್ತು ಗಲಗಲ ಅನ್ನುತ್ತಿದ್ದ ಕ್ಲಾಸು ಸುಮ್ಮನಾಯಿತು. ಎಲ್ಲರೂ ಮೇಡಂ ಮುಖ ನೋಡಿದರು. ಯಾವ ಉತ್ತರ ಹೇಳಬೇಕು ಅಂತ.

ಅವರು ಹೋದ ಮೇಲೆ, ಕ್ಲಾಸಿನಲ್ಲಿ ಯಾವತ್ತೂ ಬಾಯಿ ತೆರೆಯದ ಒಬ್ಬ ಹುಡುಗಿ ಅಡುಗೆಯಮ್ಮನನ್ನು ಕೇಳಿದಳು. "ಅಜ್ಜಿ, ಕಾಗಕ್ಕ ಮಳೇಲಿ ನೆನೀತಾ ಇದ್ರೂ ಗುಬ್ಬಕ್ಕ ಯಾಕೆ ಬಾಗಿಲು ತೆಗೀಲಿಲ್ಲ?" ಶುರುವಾಯಿತು ನೋಡಿ! ಗುಬ್ಬಕ್ಕ ಕೆಟ್ಟವಳು ಅಂತ ಒಂದು ಗುಂಪು. ಒದ್ದೆ ಮಗುಗೆ ಗಾಳಿ ತಾಗಲ್ವಾ ಅಂತ ಇನ್ನೊಂದು ಗುಂಪು. ಕಾಗೆ ಮರಿ ಕದಿಯುತ್ತೆ, ಅವಳಿಗೆ ಭಯ ಅಂತ ಒಬ್ಬ ಹುಡುಗ. ಕಲ್ಲಿನ ಮನೆ ಇರೋರು ಹಂಗೇನೇ ಅಂತ ಇನ್ನೊಬ್ಬ! ಅವತ್ತು ಅವರು ಮಾತಾಡಿದ್ದನ್ನು ನೀತಿ ಪಾಠ ಅನ್ನದೆ ಇನ್ನೇನು ಅನ್ನಬೇಕು? ಆ ಚರ್ಚೆ ಹುಟ್ಟಿದ್ದು ಒಂದು ಮಗು ಪ್ರಶ್ನೆ ಕೇಳಿದ್ದರಿಂದ. ದೊಡ್ಡವರು ಕೇಳಿದಾಗ ಆಗಲಿಲ್ಲ.

ನಮ್ಮ ಹಳಬರಿಗೆ ಇದು ಗೊತ್ತಿತ್ತು. ಪಂಚತಂತ್ರವನ್ನೇ ತೆಗೆದುಕೊಳ್ಳಿ. ಓದು ಹತ್ತದ ಮೂವರು ರಾಜಕುಮಾರರನ್ನು ಆರು ತಿಂಗಳಲ್ಲಿ ತಿದ್ದುತ್ತೇನೆ ಅಂತ ವಿಷ್ಣುಶರ್ಮ ಮಾತು ಕೊಡುತ್ತಾನೆ. ಕಥೆ ಹೇಳಿಯೇ ತಿದ್ದುತ್ತಾನೆ. ಹೇಳುವ ರೀತಿ ಗಮನಿಸಿ. ತನ್ನದಲ್ಲದ ಕೆಲಸಕ್ಕೆ ಕೈ ಹಾಕಿದರೆ ಬೆಣೆ ಕಿತ್ತ ಕೋತಿಯ ಗತಿಯಾಗುತ್ತದೆ ಅಂತ ಒಂದು ನರಿ ಅನ್ನುತ್ತದೆ. ಕೇಳುತ್ತಿದ್ದ ಇನ್ನೊಂದು ನರಿ, "ಅದು ಹೇಗೆ?" ಅನ್ನುತ್ತದೆ. ಆಗ ಕಥೆ ಶುರು. ಪುಸ್ತಕದ ಉದ್ದಕ್ಕೂ ಹೀಗೇ. ಪ್ರಶ್ನೆ ಕೇಳುವುದು ಕಥೆ ಕೇಳುವವರು! ಕನ್ನಡಕ್ಕೆ ಇದನ್ನು ಕವಿ ದುರ್ಗಸಿಂಹ ಹನ್ನೊಂದನೇ ಶತಮಾನದಲ್ಲೇ ತಂದ. ಸಾವಿರ ವರ್ಷದಿಂದ ಕನ್ನಡದಲ್ಲಿ ಇರುವ ಪಾಠಕ್ರಮ ಇದು. ನಾವು ಅದನ್ನು ತಿರುಗಿಸಿ, ಪ್ರಶ್ನೆಗಳನ್ನೆಲ್ಲ ಟೀಚರ ಕೈಗೆ ಕೊಟ್ಟುಬಿಟ್ಟೆವು. ಊಟ ಬಡಿಸಿ, ಮಗು ತುತ್ತು ನುಂಗುವ ಮೊದಲೇ ಉಪ್ಪು ಎಷ್ಟಿದೆ ಹೇಳು ಅಂದ ಹಾಗಾಯಿತು.

ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅಂತ ಒಬ್ಬರಿದ್ದರು. ವಕೀಲಿ ಬಿಟ್ಟು ಮಕ್ಕಳ ಜೊತೆ ಕೂತವರು. 1920ರಲ್ಲಿ ಬಾಲಮಂದಿರ ಅನ್ನುವ ಪುಟ್ಟ ಮಕ್ಕಳ ಶಾಲೆ ಶುರು ಮಾಡಿದರು. ಅವರ ಬಗ್ಗೆ ಹೇಳುವುದು ಬಹಳ ಇತ್ತು, ಆದರೆ ಗಡಿಯಾರ ಓಡುತ್ತಿದೆ. ಕಥೆಯಿಂದಲೇ ಕ್ಲಾಸು ಹಿಡಿತಕ್ಕೆ ಬರುತ್ತದೆ ಅಂತ ನಂಬಿದವರು ಅವರು, ಅಷ್ಟು ಹೇಳಿ ಮುಂದೆ ಹೋಗುತ್ತೇನೆ.

ಸಿಲಬಸ್ ಮುಗಿಯಲ್ಲ ಸಾರ್, ಕಥೆಗೆ ಟೈಮ್ ಎಲ್ಲಿ ಅಂತ ಪ್ರತಿ ತರಬೇತಿಯಲ್ಲೂ ಕೇಳುತ್ತಾರೆ. ದಯವಿಟ್ಟು ಹಾಗನ್ನಬೇಡಿ. ಹತ್ತು ನಿಮಿಷ ಸಾಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ನಲಿಕಲಿ ಶುರುವಾದಾಗಿನಿಂದ ಅದರಲ್ಲಿ ಹಾಡಿಗೂ ಕಥೆಗೂ ಜಾಗ ಇದೆ. ಆ ಜಾಗವನ್ನು ಬಿಟ್ಟುಕೊಡಬೇಡಿ. ಗೋವಿನ ಹಾಡು ಮಾಡುವಾಗ 'ಸತ್ಯವೇ ದೇವರು' ಅಂತ ಬರೆಸಿ ಮುಗಿಸಬೇಡಿ. ಹುಲಿ ಯಾಕೆ ಸಾಯಬೇಕಿತ್ತು ಅಂತ ಒಂದು ಮಗುವಾದರೂ ಕೇಳುತ್ತದೆ. ಕೇಳುವವರೆಗೂ ಕಾಯಿರಿ.

ಇನ್ನು ಅಜ್ಜಿಯರಿಗೆ. ನಿಮ್ಮ ಮನೆ ಮಾತು ತುಳುವೋ, ಉರ್ದುವೋ, ತೆಲುಗೋ, ಲಂಬಾಣಿಯೋ, ಯಾವುದೇ ಇರಲಿ, ಅದರಲ್ಲೇ ಹೇಳಿ. ಶಾಲೆಯ ಕನ್ನಡ ಕೆಡುತ್ತದೆ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಕಥೆ ಕೇಳಿ ರೂಢಿಯಾದ ಮಗು ಇನ್ನೊಂದು ಭಾಷೆಯ ಕಥೆಯನ್ನೂ ಬೇಗ ಹಿಡಿಯುತ್ತದೆ. ಮೊಬೈಲಿನಲ್ಲಿ ಕಥೆ ಹಾಕಿಕೊಟ್ಟರೆ ಸಾಲದಾ ಅಂತ ಕೇಳುತ್ತೀರಿ. ಸಾಲದು. ಬೊಟ್ಟು ಮೊದಲು ಇಟ್ಟರೆ ಜಗಳ ಆಡುವುದಕ್ಕೆ ಎದುರಿಗೆ ಮನುಷ್ಯರು ಬೇಕು.

ಟೀಚರುಗಳೇ, ಈ ಶನಿವಾರ ನಿಮ್ಮ ಊರಿನ ಒಬ್ಬ ಅಜ್ಜಿಯನ್ನೋ, ನಿಮ್ಮ ಶಾಲೆಯ ಅಡುಗೆಯಮ್ಮನನ್ನೋ ಕ್ಲಾಸಿಗೆ ಕರೆಯಿರಿ. ಕುರ್ಚಿ ಹಾಕಿ ಕೂರಿಸಿ. ನೀವು ಮಕ್ಕಳ ಜೊತೆ ಕೆಳಗೆ ಕೂತು ಕೇಳಿ. ಮಕ್ಕಳು ಜೊತೆಗೂಡಿ ಕೂಗುವ ಸಾಲು ಯಾವುದು ಅಂತ ಗುರುತು ಹಾಕಿಕೊಂಡು, ಸೋಮವಾರ ಅದನ್ನೇ ಬೋರ್ಡಿನ ಮೇಲೆ ಬರೆಯಿರಿ. ನಮಸ್ಕಾರ.