40 ಕೋರ್ ಕೇಳಿದ್ದೆ, ಬಳಸಿದ್ದು ಒಂದೇ

ನಮಸ್ಕಾರ. ಕ್ಲಸ್ಟರ್‌ನಲ್ಲಿ, ಅಂದರೆ ಹಲವರು ಹಂಚಿಕೊಂಡು ಬಳಸುವ ಕಂಪ್ಯೂಟರ್‌ಗಳ ಗುಂಪಿನಲ್ಲಿ, ಓಡಿಸಬೇಕಾದ ಕೆಲಸವನ್ನು ಜಾಬ್ ಆಗಿ ಹಾಕಿ, ಕ್ಯೂನಲ್ಲಿ ಕಾದು ಕಾದು ಸುಸ್ತಾದವರ ಜೊತೆ ಇವತ್ತು ಮಾತಾಡಬೇಕು.

ನಾನು ಪಿಎಚ್‌ಡಿಗೆ ಸೇರಿದಾಗ ಸೀನಿಯರ್ ಒಬ್ಬರು ತಮ್ಮ ಸ್ಕ್ರಿಪ್ಟ್ ಕೊಟ್ಟರು. ಅದು ಕೇಳುತ್ತಿದ್ದದ್ದು 40 ಕೋರ್, ಅಂದರೆ ಲೆಕ್ಕ ಮಾಡುವ 40 ಘಟಕ, ಜೊತೆಗೆ 180 ಜಿಬಿ ಮೆಮೊರಿ, 4 ದಿನ ಸಮಯ. ಅದನ್ನೇ ಜಾಬ್ ಸಲ್ಲಿಸುವ ಕಮಾಂಡ್ ಎಸ್‌ಬ್ಯಾಚ್‌ಗೆ ಕೊಡುತ್ತಿದ್ದೆ. ಕ್ಯೂ ತೋರಿಸುವ ಕಮಾಂಡ್ ಎಸ್‌ಕ್ಯೂ ಹೊಡೆದರೆ ಯಾವಾಗಲೂ 'ಪಿಡಿ', ಪಕ್ಕದಲ್ಲಿ 'ಪ್ರಯಾರಿಟಿ'. ಅಂದರೆ ಪೆಂಡಿಂಗ್, ನಮಗಿಂತ ಮುಂದೆ ಬೇರೆಯವರಿದ್ದಾರೆ. ಎರಡು ದಿನ ಕಾದ ಮೇಲೆ ಜಾಬ್ ಶುರುವಾಯಿತು. 5 ಗಂಟೆಯಲ್ಲಿ ಮುಗಿದೇ ಹೋಯಿತು!

ಮುಗಿದ ಜಾಬ್ ನಿಜವಾಗಿ ಎಷ್ಟು ಬಳಸಿತು ಅಂತ ಹೇಳುವ 'ಸೆಫ್' ಕಮಾಂಡನ್ನು ಜಾಬ್ ನಂಬರ್ ಕೊಟ್ಟು ಓಡಿಸಿದೆ. ಸಿಪಿಯು ಎಫಿಷಿಯೆನ್ಸಿ 2.5 ಪರ್ಸೆಂಟ್. ನನ್ನ ಪೈಥಾನ್ ಕೋಡ್ ಓಡಿದ್ದು ಒಂದೇ ಕೋರ್‌ನಲ್ಲಿ. ಉಳಿದ 39 ಸುಮ್ನೆ ಕೂತಿದ್ದವು. ಮೆಮೊರಿ 6 ಜಿಬಿ ದಾಟಿರಲಿಲ್ಲ.

ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ವಾ, ಹಾಗೆ. ಕೂರುವವನು ಒಬ್ಬ, ಟವೆಲ್ ಮಾತ್ರ 40 ಸೀಟಿಗೆ. ನಿಂತವರು ಯಾರು? ಪಕ್ಕದ ಲ್ಯಾಬಿನ ನಮ್ಮದೇ ಗೆಳೆಯರು.

ಇದು ದುರಾಸೆಯಲ್ಲ, ಭಯ. ಕೇಳಿದ ಸಮಯ ಮೀರಿದರೆ, ಕ್ಲಸ್ಟರ್‌ನಲ್ಲಿ ಜಾಬ್‌ಗಳನ್ನು ಹಂಚುವ ಸಾಫ್ಟ್‌ವೇರ್ ಸ್ಲರ್ಮ್ ಮುಲಾಜಿಲ್ಲದೆ ಜಾಬ್ ನಿಲ್ಲಿಸುತ್ತದೆ. ಅದಕ್ಕೇ ಎಲ್ಲರೂ ಜಾಸ್ತಿ ಕೇಳುತ್ತಾರೆ. ಆದರೆ ಜಾಸ್ತಿ ಕೇಳಿದವರೇ ಜಾಸ್ತಿ ಕಾಯುವುದು. ದೊಡ್ಡ ಜಾಬ್ ಒಂದಕ್ಕಾಗಿ ನೋಡ್‌ಗಳು, ಅಂದರೆ ಕ್ಲಸ್ಟರ್‌ನ ಕಂಪ್ಯೂಟರ್‌ಗಳು, ಒಂದೊಂದಾಗಿ ಖಾಲಿಯಾಗುವಾಗ ನಡುವೆ ಸಂದು ಸಿಗುತ್ತದೆ. ಅಷ್ಟರಲ್ಲಿ ಮುಗಿಯುವ ಚಿಕ್ಕ ಜಾಬ್ ಇದ್ದರೆ, ದೊಡ್ಡದಕ್ಕೆ ತಡವಾಗದ ಹಾಗೆ ಅದನ್ನು ಮೊದಲು ಬಿಡುತ್ತಾರೆ. ಇದೇ ಬ್ಯಾಕ್‌ಫಿಲ್. ಸ್ಲರ್ಮ್ ಲೆಕ್ಕ ಹಾಕುವುದು ನೀವು ಬರೆದುಕೊಟ್ಟ ಸಮಯವನ್ನು ನಂಬಿ. 5 ಗಂಟೆಯ ಕೆಲಸಕ್ಕೆ 4 ದಿನ ಬರೆದರೆ ಆ ಸಂದು ನಿಮಗೆ ಸಿಗುವುದಿಲ್ಲ.

ನಮ್ಮ ಐಐಎಸ್‌ಸಿಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗ 3.3 ಪೆಟಾಫ್ಲಾಪ್ಸ್‌ನ, ಅಂದರೆ ಸೆಕೆಂಡಿಗೆ 33 ಕೋಟಿ ಕೋಟಿ ಲೆಕ್ಕ ಮಾಡಬಲ್ಲ ಸೂಪರ್‌ಕಂಪ್ಯೂಟರ್. ಇಂಥವನ್ನು ಕಟ್ಟುವುದು ಜನರ ತೆರಿಗೆ ದುಡ್ಡಿನಲ್ಲಿ. ಅಲ್ಲಿನ ಒಂದೊಂದು ಕೋರ್‌ಗೂ ಬೆಲೆ ಇದೆ.

ಮೊದಲು ಚಿಕ್ಕ ಇನ್‌ಪುಟ್ ಕೊಟ್ಟು ಓಡಿಸಿ. ಎಷ್ಟು ಹಿಡಿಯಿತು ನೋಡಿ, ಪೂರ್ತಿ ಕೆಲಸಕ್ಕೆ ಅಂದಾಜು ಹಾಕಿ, ಕಾಲು ಭಾಗ ಸೇರಿಸಿ. ತುಂಬ ದಿನ ಓಡುವುದಾದರೆ ಚೆಕ್‌ಪಾಯಿಂಟ್ ಇಡಿ, ಅಂದರೆ ನಿಂತಲ್ಲಿಂದಲೇ ಮುಂದುವರಿಸಲು ಆಗಾಗ ಕೆಲಸ ಉಳಿಸಿಡಿ. ಹಾಗೇ, ಸೆಕೆಂಡಿಗೊಂದು ಸಲ ಎಸ್‌ಕ್ಯೂ ಹೊಡೆಯಬೇಡಿ. ಪ್ರತಿ ಸಲವೂ ಅದು ಎಲ್ಲರ ಜಾಬ್ ನೋಡಿಕೊಳ್ಳುವ ಕಂಟ್ರೋಲರ್ ಬಾಗಿಲು ತಟ್ಟುತ್ತದೆ. ಮುಗಿದಾಗ ಮೇಲ್ ಬರುವ ಹಾಗೆ ಒಂದು ಸಾಲು ಬರೆದರೆ ಸಾಕು.

ಈಗ ನನ್ನ ಸ್ಕ್ರಿಪ್ಟ್‌ನಲ್ಲಿರುವುದು 1 ಕೋರ್, 8 ಜಿಬಿ, 7 ಗಂಟೆ. ಮೊನ್ನೆ ಜಾಬ್ ಹಾಕಿ ಕಾಫಿಗೆ ಹೋದೆ. ವಾಪಸ್ ಬರುವಷ್ಟರಲ್ಲಿ 'ಪಿಡಿ' ಹೋಗಿ 'ಆರ್', ಅಂದರೆ ರನ್ನಿಂಗ್, ಬಂದಿತ್ತು.