ಪಾಡಾ ಎಷ್ಟು ದೂರ?

ಕೇಳುಗರಿಗೆಲ್ಲ ನಮಸ್ಕಾರ.

ನಾನು ಮುಂಬಯಿಯ ವೈದ್ಯಕೀಯ ಕಾಲೇಜೊಂದರಲ್ಲಿ ಸಾರ್ವಜನಿಕ ಆರೋಗ್ಯದ ಪಾಠ ಹೇಳುತ್ತಿದ್ದವಳು. ನಿವೃತ್ತಿಯಾದ ಮೇಲೂ ಮಾತಿನ ಚಟ ಬಿಟ್ಟಿಲ್ಲ. ಡೊಂಬಿವಿಲಿ, ಮುಲುಂಡ್, ಗೋರೆಗಾಂವ್, ನಮ್ಮ ಕನ್ನಡ ಸಂಘದವರು ಎಲ್ಲಿಗೆ ಕರೆದರೂ ಹೋಗಿ ಆದಿವಾಸಿಗಳ ಆರೋಗ್ಯದ ಬಗ್ಗೆ ಮಾತಾಡುತ್ತೇನೆ. ಮಾತು ಮುಗಿದು ಕಾಫಿ ಬರುವ ಹೊತ್ತಿಗೆ ಯಾರಾದರೂ ಒಬ್ಬರು ಹತ್ತಿರ ಬಂದು ಹೇಳಿಯೇ ಹೇಳುತ್ತಾರೆ: "ಡಾಕ್ಟ್ರೇ, ನೀವೇನೇ ಹೇಳಿ, ಆ ಜನಕ್ಕೆ ತಿಳುವಳಿಕೆ ಇಲ್ಲ. ಮೊದಲು ಅವರಿಗೆ ಬುದ್ಧಿ ಹೇಳಬೇಕು."

ನಾನು ಸುಮ್ನೆ ನಗುತ್ತೇನೆ. ಅವರ ಕಾಫಿ ಕುಡಿಯುತ್ತಾ ಅವರ ಜೊತೆಗೇ ಜಗಳ ಆಡಬಾರದು ನೋಡಿ. ಆದರೆ ಇವತ್ತು ಮೈಕು ನನ್ನ ಮುಂದಿದೆ, ಎದುರು ಮಾತಾಡುವವರು ಯಾರೂ ಇಲ್ಲ. ಹಾಗಾಗಿ ನೇರವಾಗಿ ಹೇಳಿಬಿಡುತ್ತೇನೆ. ಆದಿವಾಸಿ ಮಗುವನ್ನು ಕೊಲ್ಲುವುದು ದೂರ. ದೂರ ಕಡಿಮೆ ಮಾಡಿ, ಮಗು ಉಳಿಯುತ್ತದೆ. ನನ್ನ ಮಾತು ಇಷ್ಟೇ. ಉಳಿದ ಹೊತ್ತೆಲ್ಲ ಇದನ್ನೇ ತಿರುಗಿಸಿ ತಿರುಗಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಆದಿವಾಸಿ ಅಂದ ಕೂಡಲೇ ನಿಮಗೆ ಛತ್ತೀಸಗಢವೋ ಅಂಡಮಾನೋ ನೆನಪಾಗಬಹುದು. ಅಷ್ಟು ದೂರ ಹೋಗಬೇಡಿ. ಪಾಲ್‌ಘರ್ ಜಿಲ್ಲೆ ನಮ್ಮ ಮಗ್ಗುಲಲ್ಲೇ ಇದೆ. 2014ರವರೆಗೆ ಅದು ಠಾಣೆ ಜಿಲ್ಲೆಯ ಒಳಗೇ ಇತ್ತು. ಅಲ್ಲಿನ ಜವ್ಹಾರ್, ಮೊಖಾಡಾ, ವಿಕ್ರಮಗಡ್ ತಾಲ್ಲೂಕುಗಳಲ್ಲಿ ವರ್ಲಿ, ಕೋಕಣಾ, ಕಾತಕರಿ, ಠಾಕರ್, ಮಹಾದೇವ ಕೋಳಿ ಜನ ಇದ್ದಾರೆ. ವರ್ಲಿ ಚಿತ್ರ ನಿಮ್ಮ ಸೀರೆಯ ಸೆರಗಿನ ಮೇಲಿದೆ, ಹೋಟೆಲಿನ ಗೋಡೆ ಮೇಲಿದೆ. ಅದನ್ನು ಬರೆದ ಜನ ಇಲ್ಲಿಂದ ಮೂರ್ನಾಲ್ಕು ಗಂಟೆಯ ದಾರಿಯಲ್ಲಿದ್ದಾರೆ.

ನಾವು ಕುಡಿಯುವ ನೀರೂ ಆ ಕಡೆಯಿಂದಲೇ ಬರುತ್ತದೆ. ಮೊಖಾಡಾ ತಾಲ್ಲೂಕಿನಲ್ಲಿ ಮಧ್ಯ ವೈತರಣಾ ಅಣೆಕಟ್ಟು ಕಟ್ಟಿದ್ದಾರೆ. ಅದು ಮುಗಿದದ್ದು 2014ರಲ್ಲಿ. ಅದರ ನೀರು ಮುಂಬಯಿಗೆ. ಅದೇ ತಾಲ್ಲೂಕಿನ ಪಾಡಾಗಳಿಗೆ, ಅಂದರೆ ಆದಿವಾಸಿಗಳ ಸಣ್ಣ ಸಣ್ಣ ಕೇರಿಗಳಿಗೆ, ಏಪ್ರಿಲ್, ಮೇ ಬಂತೆಂದರೆ ಟ್ಯಾಂಕರ್. ಟ್ಯಾಂಕರ್ ಬಾರದ ದಿನ ಹೆಂಗಸರು ತಲೆಯ ಮೇಲೆ ಎರಡು ಕೊಡ ಹೊತ್ತು ಗುಡ್ಡ ಹತ್ತುತ್ತಾರೆ, ಬಸುರಿಯರೂ ಕೂಡ. ನೂರು ಕಿಲೋಮೀಟರ್ ದೂರದ ಮುಂಬಯಿಗೆ ಪೈಪ್ ಹಾಕಲು ಬಂತು. ಗುಡ್ಡದ ಆಚೆಗೆ ಹಾಕಲು ಆಗಲಿಲ್ಲ. ಇದರಲ್ಲಿ ಯಾರ ತಿಳುವಳಿಕೆ ಕಡಿಮೆಯಾಯಿತು, ನೀವೇ ಹೇಳಿ.

ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳುವುದಿಲ್ಲ. 1992ರಲ್ಲಿ ಜವ್ಹಾರ್ ತಾಲ್ಲೂಕಿನ ವಾವರ್-ವಾಂಗಣಿಯಲ್ಲಿ ಮಕ್ಕಳು ಹಸಿವಿನಿಂದ ಸತ್ತ ಸುದ್ದಿ ಬಂದಾಗ ಇಡೀ ರಾಜ್ಯ ಬೆಚ್ಚಿಬಿತ್ತು. ಆಮೇಲೆ ಯೋಜನೆಗಳು ಬಂದವು. ನಿಯಮವೂ ಉದಾರವಾಗಿಯೇ ಇದೆ. ಬಯಲಿನಲ್ಲಿ 5,000 ಜನಕ್ಕೆ ಒಂದು ಆರೋಗ್ಯ ಉಪಕೇಂದ್ರವಾದರೆ, ಗುಡ್ಡಗಾಡಿನ ಆದಿವಾಸಿ ಪ್ರದೇಶದಲ್ಲಿ 3,000 ಜನಕ್ಕೇ ಒಂದು. ಪ್ರಾಥಮಿಕ ಆರೋಗ್ಯ ಕೇಂದ್ರ 30,000 ಜನಕ್ಕೆ ಒಂದರ ಬದಲು 20,000ಕ್ಕೆ ಒಂದು. ಕಾಗದದ ಮೇಲೆ ಚೆನ್ನಾಗಿದೆ, ಅಲ್ವಾ? ಆದರೆ ಈ ನಿಯಮ ತಲೆ ಎಣಿಸುತ್ತದೆ, ಹೆಜ್ಜೆ ಎಣಿಸುವುದಿಲ್ಲ. ಒಂದು ಗ್ರಾಮ ಅಂತ ಲೆಕ್ಕದಲ್ಲಿ ಇರುವುದು ನೆಲದ ಮೇಲೆ ಹತ್ತು ಪಾಡಾ. ಒಂದು ಈ ಗುಡ್ಡದ ಮೇಲೆ, ಇನ್ನೊಂದು ಆ ಹಳ್ಳದಾಚೆ. ಮಳೆಗಾಲದಲ್ಲಿ ಕಾಲುಸಂಕ ಕೊಚ್ಚಿಹೋದರೆ ಆಚೆ ದಡದವರ ಗತಿ ಏನು ಅಂತ ಕುಂದಾಪುರ, ಬೈಂದೂರು, ಸುಳ್ಯದ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ.

ಈಗ ಒಂದು ಕಥೆ ಹೇಳುತ್ತೇನೆ. ನನಗೆ ಬಹಳ ಇಷ್ಟವಾದದ್ದು. ನನ್ನ ವಿದ್ಯಾರ್ಥಿಗಳಿಗೆ ಕೇಳಿ ಕೇಳಿ ಬಾಯಿಪಾಠವಾಗಿದೆ.

ಮೊಖಾಡಾದ ಒಂದು ಪಾಡಾ. ಜುಲೈ ತಿಂಗಳು. ಚೊಚ್ಚಲ ಬಸುರಿ ಹುಡುಗಿ. ದಿನ ತುಂಬಲು ಇನ್ನೂ ಮೂರು ವಾರ ಇರುವಾಗಲೇ ನೋವು ಬಂತು. ರಸ್ತೆ ಇರುವುದು ಹಳ್ಳದ ಆ ಕಡೆ. ಹಳ್ಳದಲ್ಲಿ ಎದೆಮಟ್ಟ ನೀರು. ಫೋನಿಗೆ ಸಿಗ್ನಲ್ ಸಿಗಬೇಕಾದರೆ ಗುಡ್ಡದ ನೆತ್ತಿಗೆ ಹೋಗಬೇಕು. ರಾತ್ರಿ ಗುಡಿಸಲಲ್ಲೇ ಹೆರಿಗೆಯಾಯಿತು. ಆ ಪಾಡಾದಲ್ಲೇ ಒಬ್ಬ ಆಶಾ ಕಾರ್ಯಕರ್ತೆ ಇದ್ದಳು. ಅಲ್ಲಿಗೇ ಸೊಸೆಯಾಗಿ ಬಂದವಳು, ಏಳನೇ ಕ್ಲಾಸು ಓದಿದವಳು. ಅವಳ ಚೀಲದಲ್ಲಿ ಇದ್ದದ್ದು ಜೋಲಿಯಂತೆ ತೂಗುಹಾಕುವ ತಕ್ಕಡಿ, ಥರ್ಮಾಮೀಟರು, ಸೆಕೆಂಡು ತೋರಿಸುವ ಕೈಗಡಿಯಾರ, ಮಗುವಿನ ಹೊದಿಕೆ. ಅಷ್ಟೇ.

ಮಗುವನ್ನು ತೂಗಿದಳು. ಎರಡು ಕಿಲೋ ಕೂಡ ಇಲ್ಲ. ಮುಟ್ಟಿದರೆ ಪಾದ ತಣ್ಣಗಿದೆ. ಅಜ್ಜಿ ಆಗಲೇ ಬಿಸಿನೀರು ಕಾಯಿಸಿ ಮಗುವಿಗೆ ಸ್ನಾನ ಮಾಡಿಸಲು ಕೂತಿದ್ದಾಳೆ. ಇಷ್ಟು ಸಣ್ಣ ಮಗುವಿಗೆ ಆ ಸ್ನಾನವೇ ಪ್ರಾಣಕ್ಕೆ ಬರುತ್ತದೆ. ಮೈ ತಣ್ಣಗಾದರೆ ಮುಗಿಯಿತು. ಅಷ್ಟರಲ್ಲಿ ಭಗತ ಬಂದ. ಭಗತ ಅಂದರೆ ಅವರ ನಾಟಿ ವೈದ್ಯ, ಮಂತ್ರ ಹಾಕುವವನು. ನಮ್ಮ ಹುಡುಗ ಡಾಕ್ಟರುಗಳಾಗಿದ್ದರೆ ಅಲ್ಲಿ ಒಂದು ಭಾಷಣ ಮಾಡುತ್ತಿದ್ದರು. ಮೂಢನಂಬಿಕೆ, ವಿಜ್ಞಾನ ಅಂತೆಲ್ಲ. ಇವಳು ಏನು ಮಾಡಿದಳು ಗೊತ್ತೇ? ಭಗತನನ್ನು ಹೊರಗೆ ಕರೆದಳು. "ಕಾಕಾ, ನೀವು ತಾಯಿತ ಕಟ್ಟಿ. ಆದರೆ ಏಳು ದಿನ ಮಗುವಿಗೆ ಸ್ನಾನ ಬೇಡ, ಅಮ್ಮನ ಎದೆ ಮೇಲಿಂದ ಇಳಿಸಬಾರದು ಅಂತ ನೀವೇ ಹೇಳಿಬಿಡಿ. ನಾನು ಹೇಳಿದರೆ ಅಜ್ಜಿ ಕೇಳುವುದಿಲ್ಲ" ಅಂದಳು. ಅವನು ಒಂದು ಗಳಿಗೆ ಯೋಚಿಸಿದ. ಒಳಗೆ ಹೋಗಿ ತಾಯಿತ ಕಟ್ಟಿದ. ಗಂಭೀರವಾಗಿ ಏಳು ದಿನದ ಅಪ್ಪಣೆ ಕೊಟ್ಟ. ಅಜ್ಜಿ ಬಿಸಿನೀರನ್ನು ಹೊರಗೆ ಚೆಲ್ಲಿದಳು!

ಮಗುವನ್ನು ಒರೆಸಿ, ಟೋಪಿ ಹಾಕಿ, ಚರ್ಮಕ್ಕೆ ಚರ್ಮ ತಾಗುವ ಹಾಗೆ ತಾಯಿಯ ಎದೆಗೆ ಕಟ್ಟಿದರು. ಎದೆಹಾಲು ಬಿಟ್ಟು ಬೇರೇನೂ ಬಾಯಿಗೆ ಹಾಕಲಿಲ್ಲ. ಮೂರನೇ ದಿನ ಬಂದು ಉಸಿರು ಎಣಿಸಿದಳು. ಎರಡು ತಿಂಗಳೊಳಗಿನ ಮಗು ನಿಮಿಷಕ್ಕೆ 60 ಅಥವಾ ಅದಕ್ಕಿಂತ ಜಾಸ್ತಿ ಉಸಿರಾಡಿದರೆ ಅಪಾಯ ಅಂತ ಅವಳಿಗೆ ಕಲಿಸಿದ್ದರು. 60 ದಾಟಿತ್ತು. ಮತ್ತೊಮ್ಮೆ ಎಣಿಸಿದಳು. ಆಗಲೂ ದಾಟಿತ್ತು. ಅಷ್ಟು ಹೊತ್ತಿಗೆ ಹಳ್ಳ ಸ್ವಲ್ಪ ಇಳಿದಿತ್ತು. ಬಿದಿರಿನ ಗಳಕ್ಕೆ ಕಂಬಳಿ ಕಟ್ಟಿ, ತಾಯಿ ಮಗುವನ್ನು ಅದರಲ್ಲಿ ಕೂರಿಸಿ ಗಂಡಸರು ಹೊತ್ತು ನಡೆದರು. ಹೊತ್ತವರಲ್ಲಿ ಭಗತನೂ ಒಬ್ಬ. ರಸ್ತೆ ಸೇರಿ ಜೀಪು ಹಿಡಿದು ಆರೋಗ್ಯ ಕೇಂದ್ರ, ಇಂಜೆಕ್ಷನ್, ಅಲ್ಲಿಂದ ಮುಂದೆ ದೊಡ್ಡ ಆಸ್ಪತ್ರೆ.

ಆ ದೊಡ್ಡ ಆಸ್ಪತ್ರೆಯಲ್ಲಿ, ಯಾವುದು ಅಂತ ಹೇಳುವುದಿಲ್ಲ, ಬಿಳಿ ಕೋಟು ಹಾಕಿದ ಒಬ್ಬರು ನಮ್ಮ ಈ ಆಶಾಳ ಮೇಲೆ ರೇಗಿದರಂತೆ. "ಮನೆಯಲ್ಲಿ ಯಾಕೆ ಹೆರಿಗೆ ಮಾಡಿಸಿದಿರಿ? ನಿಮಗೆ ಬುದ್ಧಿ ಇಲ್ಲವೇ?" ಇವಳು ಹೇಳಿದಳಂತೆ: "ಸಾಹೇಬ್, ಅದನ್ನು ಹಳ್ಳಕ್ಕೆ ಕೇಳಿ."

ಮಗು ಉಳಿಯಿತು. ಈಗ ಆಶ್ರಮಶಾಲೆಯಲ್ಲಿ ಓದುತ್ತಿದೆ. ಗಣಿತದಲ್ಲಿ ಹಿಂದೆ ಅಂತ ಅಜ್ಜಿಯ ದೂರು.

ಅಯ್ಯೋ, ಕಥೆಯೇ ಅರ್ಧ ಹೊತ್ತು ತಿಂದಿತು. ಇರಲಿ. ಆ ರಾತ್ರಿ ಆಸ್ಪತ್ರೆ ಪಾಡಾಕ್ಕೆ ಬರಲಾಗುತ್ತಿರಲಿಲ್ಲ, ಪಾಡಾ ಆಸ್ಪತ್ರೆಗೆ ಹೋಗಲಾಗುತ್ತಿರಲಿಲ್ಲ. ಆದರೆ ಕಲಿತ ಕೈ ಎರಡು ಗುಡಿಸಲ ಆಚೆ ಇತ್ತು. ದೂರ ಕಡಿಮೆ ಮಾಡಿ ಅಂದರೆ ನಾನು ಹೇಳುವುದು ಇದನ್ನೇ.

ಇದು ಒಂದು ಮಗುವಿನ ಅದೃಷ್ಟ ಅಂದುಕೊಳ್ಳಬೇಡಿ. ಮಹಾರಾಷ್ಟ್ರದ ಪೂರ್ವ ತುದಿಯ ಗಡಚಿರೋಲಿ ಜಿಲ್ಲೆಯಲ್ಲಿ ಡಾಕ್ಟರ್ ಅಭಯ್ ಬಂಗ್ ಮತ್ತು ಡಾಕ್ಟರ್ ರಾಣಿ ಬಂಗ್ ದಂಪತಿ ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ. 39 ಹಳ್ಳಿಗಳಲ್ಲಿ ಅಲ್ಲಿನ ಹೆಂಗಸರಿಗೇ ನವಜಾತ ಶಿಶುವಿನ ಆರೈಕೆ ಕಲಿಸಿದರು. ಪಕ್ಕದ ಹಳ್ಳಿಗಳ ಜೊತೆ ಹೋಲಿಸಿದರು. ಮೂರನೇ ವರ್ಷಕ್ಕೆ ಹುಟ್ಟಿದ ತಿಂಗಳೊಳಗಿನ ಸಾವು ಶೇಕಡಾ 62ರಷ್ಟು ಇಳಿಯಿತು. 1999ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆ ಅದನ್ನು ಪ್ರಕಟಿಸಿತು. ಆ ಹಳ್ಳಿಗಳಿಗೆ ಹೊಸ ಆಸ್ಪತ್ರೆ ಬರಲಿಲ್ಲ, ಹೊಸ ಯಂತ್ರ ಬರಲಿಲ್ಲ. 2011ರಲ್ಲಿ ಇದೇ ಕೆಲಸವನ್ನು ದೇಶದ ಆಶಾ ಕಾರ್ಯಕರ್ತೆಯರಿಗೆ ವಹಿಸಿದರು. ಮನೆಯಲ್ಲಿ ಹುಟ್ಟಿದ ಮಗುವನ್ನು ಆಕೆ ಮೊದಲ ದಿನ, ಮೂರು, ಏಳು, ಹದಿನಾಲ್ಕು ಹೀಗೆ 42ನೇ ದಿನದವರೆಗೆ ಏಳು ಸಲ ಹೋಗಿ ನೋಡಬೇಕು. ಇಷ್ಟಕ್ಕೂ ಸೇರಿ ಯೋಜನೆ ಗೊತ್ತುಮಾಡಿದ ಪ್ರೋತ್ಸಾಹಧನ 250 ರೂಪಾಯಿ. ಮಾಟುಂಗಾದಲ್ಲಿ ನಾಲ್ಕು ಜನ ಕೂತು ದೋಸೆ ತಿಂದು ಕಾಫಿ ಕುಡಿದರೆ ಬಿಲ್ಲು ಅದಕ್ಕಿಂತ ಜಾಸ್ತಿ ಆಗುತ್ತದೆ. ಹಳ್ಳ ದಾಟಿ ಹೋಗುವ ಹೆಂಗಸಿಗೆ ಅಷ್ಟು ಕೊಟ್ಟು, ಆಮೇಲೆ ಆದಿವಾಸಿಗಳ ಆರೋಗ್ಯ ಯಾಕೆ ಸುಧಾರಿಸಿಲ್ಲ ಅಂತ ಸಭೆ ಕರೆಯುತ್ತೇವೆ. ನನಗೆ ಕೋಪ ಬರುತ್ತದೆ, ಕ್ಷಮಿಸಿ.

ಬಂಗ್ ದಂಪತಿಯ ಇನ್ನೊಂದು ವಿಷಯ ಹೇಳಲೇಬೇಕು. ಅಲ್ಲಿನ ಗೊಂಡ ಆದಿವಾಸಿ ಜನಕ್ಕೆ ದೊಡ್ಡ ಆಸ್ಪತ್ರೆ ಕಟ್ಟಡ ಕಂಡರೆ ಭಯ. ಅದಕ್ಕೆ ಇವರು ತಮ್ಮ ಆಸ್ಪತ್ರೆಯನ್ನು ಗುಡಿಸಲುಗಳ ಹಾಗೆ ಕಟ್ಟಿ, ಅವರ ದೇವಿ ದಂತೇಶ್ವರಿಯ ಹೆಸರೇ ಇಟ್ಟರು. ಭಯವೂ ಒಂದು ದೂರವೇ. ರಸ್ತೆ ಹಾಕಿದರೆ ಅದು ಹೋಗುವುದಿಲ್ಲ.

ನಮ್ಮ ಕರ್ನಾಟಕದವರೂ ಇದನ್ನು ಮಾಡಿ ತೋರಿಸಿದ್ದಾರೆ. ಡಾಕ್ಟರ್ ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಕೆಲಸ ಶುರು ಮಾಡಿ, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಬೆಟ್ಟದಲ್ಲೇ ಕೂತರು, ಅದೇ ಅವರ ದೊಡ್ಡ ಔಷಧಿ. ಬರೀ ನಮ್ಮ ದೇಶದ ಮಾತೂ ಅಲ್ಲ. ಅಮೆರಿಕದ ಅಲಾಸ್ಕಾದಲ್ಲಿ ಎಷ್ಟೋ ಮೂಲನಿವಾಸಿ ಹಳ್ಳಿಗಳಿಗೆ ರಸ್ತೆಯೇ ಇಲ್ಲ, ವಿಮಾನದಲ್ಲೇ ಹೋಗಬೇಕು. ಅಲ್ಲಿಯೂ 1968ರಿಂದ ಹಳ್ಳಿಯವರಿಗೇ ತರಬೇತಿ ಕೊಟ್ಟು ಆರೋಗ್ಯ ಸಹಾಯಕರನ್ನಾಗಿ ಇಟ್ಟಿದ್ದಾರೆ. ಇಷ್ಟು ಶ್ರೀಮಂತ ದೇಶಕ್ಕೂ ಬೇರೆ ದಾರಿ ಕಾಣಲಿಲ್ಲ.

ಸಿಕಲ್ ಸೆಲ್ ರಕ್ತಹೀನತೆ, ಅಂದರೆ ಆದಿವಾಸಿಗಳಲ್ಲಿ ಹೆಚ್ಚಾಗಿ ಕಾಣುವ, ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವ ರಕ್ತದ ಕಾಯಿಲೆ, ಅದರ ಬಗ್ಗೆಯೂ ಹೇಳಬೇಕಿತ್ತು. 2047ರೊಳಗೆ ಅದನ್ನು ತೊಲಗಿಸುವ ರಾಷ್ಟ್ರೀಯ ಮಿಷನ್ 2023ರಲ್ಲಿ ಶುರುವಾಗಿದೆ. ರಕ್ತ ಪರೀಕ್ಷೆ ಮಾಡಿ ಕಾರ್ಡ್ ಕೊಡುತ್ತಿದ್ದಾರೆ. ಒಳ್ಳೆಯದೇ. ಆದರೆ ಕಾರ್ಡ್ ಕೊಟ್ಟ ಮೇಲೆ ತಿಂಗಳ ಮಾತ್ರೆ ಯಾರ ಕೈಯಲ್ಲಿ ಪಾಡಾ ತಲುಪುತ್ತದೆ? ಮತ್ತೆ ಅದೇ ಪ್ರಶ್ನೆ.

ಮಾಹೇರ್ ಘರ್, ಅಂದರೆ ತವರುಮನೆ, ಅಂತ ಮಹಾರಾಷ್ಟ್ರದ ಒಂದು ಒಳ್ಳೆಯ ಯೋಜನೆ ಇದೆ. ದಿನ ಹತ್ತಿರ ಬಂದ ಬಸುರಿ ಮೊದಲೇ ಬಂದು ಆರೋಗ್ಯ ಕೇಂದ್ರದ ಪಕ್ಕದ ಮನೆಯಲ್ಲಿ ಉಳಿಯಬಹುದು. ನೋವು ಬಂದಾಗ ಹಳ್ಳ ದಾಟುವ ಪಾಡು ಇಲ್ಲ. ಆದರೆ ಅವಳು ಇಲ್ಲಿ ಬಂದು ಕೂತರೆ ಮನೆಯ ಕೋಳಿ, ಮೇಕೆ, ದೊಡ್ಡ ಮಗುವನ್ನು ನೋಡುವವರು ಯಾರು, ನಾಟಿ ಕೆಲಸದ ಕೂಲಿ ಹೋದರೆ ಕೊಡುವವರು ಯಾರು? ಅದನ್ನು ಕೇಳದೆ ಮನೆ ಕಟ್ಟಿದರೆ ಬೀಗ ಬೀಳುತ್ತದೆ.

ಇನ್ನು ನಮ್ಮ ಸಂಘಸಂಸ್ಥೆಗಳಿಗೆ ಒಂದು ಮಾತು. ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ಜವ್ಹಾರಿಗೆ ಹೋಗಿ ವೈದ್ಯಕೀಯ ಶಿಬಿರ ಮಾಡುತ್ತೀರಿ. ಕಂಬಳಿ, ಬಿಸ್ಕತ್ತು, ಟಾನಿಕ್ ಹಂಚುತ್ತೀರಿ. ಫೋಟೋ ಬರುತ್ತದೆ. ನಿಮ್ಮ ಮನಸ್ಸು ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಆದರೆ ರಕ್ತಹೀನತೆಗೆ ಕಬ್ಬಿಣದ ಮಾತ್ರೆ ತಿಂಗಳುಗಟ್ಟಲೆ ತಿನ್ನಬೇಕು. ನೀವು ಒಂದು ಭಾನುವಾರ ಇರುತ್ತೀರಿ, ಉಳಿದ ದಿನ ಪಾಡಾದಲ್ಲಿ ಇರುವವಳು ಆಶಾ. ಅವಳಿಗೆ ಒಳ್ಳೆಯ ಟಾರ್ಚು, ಮಳೆಗಾಲದ ಬೂಟು, ಜೀಪಿನ ಬಾಡಿಗೆಗೆ ಒಂದು ಸಣ್ಣ ನಿಧಿ ಮಾಡಿಕೊಡಿ. ಶಿಬಿರದ ಊಟದ ಖರ್ಚಿನಲ್ಲೇ ಆಗುತ್ತದೆ.

ಗಾಜಿನಾಚೆಯಿಂದ ಸಮಯ ಆಯಿತು ಅಂತ ಕೈ ತೋರಿಸುತ್ತಿದ್ದಾರೆ. ಒಂದೇ ಒಂದು ವಿಷಯ ಹೇಳಿ ಬಿಡುತ್ತೇನೆ, ಇದು ಮುಖ್ಯ. ದೀಪಾವಳಿ ಮುಗಿದ ಮೇಲೆ ಆ ಪಾಡಾಗಳ ಜನ ಕೂಲಿಗೆ ಈ ಕಡೆ ಬರುತ್ತಾರೆ. ವಸಯಿ, ಭಿವಂಡಿಯ ಇಟ್ಟಿಗೆ ಗೂಡಿಗೆ, ನಿಮ್ಮ ಸೊಸೈಟಿಯ ಪಕ್ಕದ ಕಟ್ಟಡದ ಕೆಲಸಕ್ಕೆ. ಜೊತೆಗೆ ಮಕ್ಕಳೂ ಬರುತ್ತವೆ. ಆ ಮಕ್ಕಳಿಗೆ ಲಸಿಕೆ ಹತ್ತಿರದ ಯಾವ ಸರ್ಕಾರಿ, ಮುನ್ಸಿಪಲ್ ದವಾಖಾನೆಯಲ್ಲಾದರೂ ಸಿಗಬೇಕು. ಕಾರ್ಡ್ ಮೊಖಾಡಾದ್ದಾದರೂ ನಡೆಯುತ್ತದೆ. ದುಡ್ಡು ಕೊಡಬೇಕಾಗಿಲ್ಲ. ಆಧಾರ್ ಇಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ. ಕಳಿಸಿದರೆ ನೀವೇ ಆ ತಾಯಿಯ ಜೊತೆ ಹೋಗಿ ಕೇಳಿ. ಮರಾಠಿ ಬಾರದಿದ್ದರೆ ಕನ್ನಡದಲ್ಲೇ ಜಗಳ ಆಡಿ, ಪರವಾಗಿಲ್ಲ.

ನಮಸ್ಕಾರ.