14,998 ಕುರ್ಚಿಗಳು ಮತ್ತು ಅಮ್ಮನ ವ್ಯಾನಿಟಿ ಬ್ಯಾಗು

ನಮಸ್ಕಾರ. ಕ್ಯಾಮೆರಾ ನಡುಗುತ್ತಿದೆ ಎಂದು ಬೈಯಬೇಡಿ, ನಡುಗುತ್ತಿರುವವಳು ನಾನು. ಹೊರಗೆ ಸೊನ್ನೆಗಿಂತ ಹದಿನಾಲ್ಕು ಡಿಗ್ರಿ ಕೆಳಗೆ. ಕೈಗವಸು ಹಾಕಿಕೊಂಡರೆ ಫೋನು ಮಾತು ಕೇಳುವುದಿಲ್ಲ, ತೆಗೆದರೆ ಬೆರಳು ಮಾತು ಕೇಳುವುದಿಲ್ಲ.

ಅಮೆರಿಕದ ಐಯೋವ ರಾಜ್ಯದ ಸೀಡರ್ ರ‍್ಯಾಪಿಡ್ಸ್‌ನ ನಮ್ಮ ಮನೆಯಿಂದ ಐಯೋವ ಸಿಟಿಗೆ ಅರ್ಧ ಗಂಟೆಯ ದಾರಿ. ಬೇಸಿಗೆಯಲ್ಲಾದರೆ ಎರಡೂ ಕಡೆ ಮುಸುಕಿನ ಜೋಳದ ಹೊಲ ಕಾಣುತ್ತದೆ. ಈಗ ಹಿಮ, ಅದರಾಚೆ ಇನ್ನಷ್ಟು ಹಿಮ. ಇಪ್ಪತ್ತು ನಿಮಿಷ ಚಿತ್ರೀಕರಿಸಿದ್ದನ್ನು ಎಂಟು ಸೆಕೆಂಡಿಗೆ ಇಳಿಸಿದ್ದೇನೆ, ನೀವು ಏನನ್ನೂ ಕಳೆದುಕೊಂಡಿಲ್ಲ. ಹಿಂದಿನ ಸೀಟಿನಲ್ಲಿ ಎರಡು ಸ್ವೆಟರ್, ಒಂದು ಶಾಲು, ಅದರ ಮೇಲೆ ನಮ್ಮವರ ಜಾಕೆಟ್ ಹೊದ್ದು ಹಾಸಿಗೆಯ ಸುರುಳಿಯ ಹಾಗೆ ಕುಳಿತಿರುವುದು ಅಮ್ಮ. ತಿಪಟೂರಿನಿಂದ ಬಂದು ಆರು ವಾರವಾಯಿತು. ಮನೆಯೊಳಗೇ ಇದ್ದು ಇದ್ದು ಗೋಡೆಯ ಜೊತೆ ಮಾತಾಡಲು ಶುರುಮಾಡಿದ್ದಳು. ಅದಕ್ಕೆ ಈ ಪ್ರಯಾಣ.

ಹೋಗುತ್ತಿರುವುದು ಐಯೋವ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದ ಪಂದ್ಯಕ್ಕೆ. "ಕಾಲೇಜು ಹುಡುಗಿಯರು ಚೆಂಡಾಡುವುದನ್ನು ನೋಡಲು ದುಡ್ಡು ಕೊಡಬೇಕೇನೇ?" ಎಂದು ಅಮ್ಮ ಕೇಳಿದಳು. ಕೊಡಬೇಕು. ದುಡ್ಡು ಕೊಡುತ್ತೇವೆಂದರೂ ಸಿಗುವುದಿಲ್ಲ, ಅದು ಬೇರೆ ಮಾತು. ಇವರು ಗಾಡಿ ಓಡಿಸುತ್ತ, "ಮಹಿಳೆಯರ ಪಂದ್ಯ ತಾನೇ, ಬಾಗಿಲಲ್ಲೇ ಟಿಕೆಟ್ ಸಿಗುತ್ತದೆ" ಎಂದಿದ್ದರು. ನಾನೂ ಹಾಗೆಯೇ ಎಣಿಸಿದ್ದೆ. ಕೊನೆಗೆ ಮರುಮಾರಾಟದ ಆ್ಯಪ್ ಒಂದರಲ್ಲಿ ಮೂರು ಟಿಕೆಟ್ ಹಿಡಿಯಲು ಎರಡು ರಾತ್ರಿ ಬೇಕಾಯಿತು, ಅದೂ ಮೇಲಿನ ಸಾಲುಗಳಲ್ಲಿ.

ಇದೋ, ಈಗ ಕಂಡು ಮರೆಯಾಯಿತಲ್ಲ, ಅದು ಕಿನಿಕ್ ಸ್ಟೇಡಿಯಂ. ಅಮೆರಿಕನ್ ಫುಟ್‌ಬಾಲ್ ಮೈದಾನ. 2023ರ ಅಕ್ಟೋಬರ್ 15ರಂದು ಆ ಬಯಲು ಮೈದಾನದ ನಡುವೆ ಬ್ಯಾಸ್ಕೆಟ್‌ಬಾಲ್ ಅಂಕಣ ಹಾಸಿ ಇದೇ ತಂಡವನ್ನು ಡಿಪಾಲ್ ವಿಶ್ವವಿದ್ಯಾಲಯದ ವಿರುದ್ಧ ಆಡಿಸಿದರು. ಬಂದವರು 55,646 ಜನ. ಮಹಿಳಾ ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದಕ್ಕೆ ಅಷ್ಟು ಜನ ಅದುವರೆಗೆ ಎಲ್ಲಿಯೂ ಸೇರಿರಲಿಲ್ಲ. ನೆನಪಿಡಿ, ಅದು ಲೆಕ್ಕಕ್ಕಿಲ್ಲದ ಪ್ರದರ್ಶನ ಪಂದ್ಯ, ಗಾಳಿ ಬೇರೆ ಕೊರೆಯುತ್ತಿತ್ತು. ಕೇಟ್ಲಿನ್ ಕ್ಲಾರ್ಕ್ ಎಂಬ ಹುಡುಗಿ 34 ಅಂಕ ಗಳಿಸಿದಳು. ಇದೇ ರಾಜ್ಯದ ಹುಡುಗಿ. ಕಾಲೇಜು ಮುಗಿಸುವ ಹೊತ್ತಿಗೆ 3,951 ಅಂಕ, ಗಂಡಸರನ್ನೂ ಸೇರಿಸಿ ಅಮೆರಿಕದ ಮೊದಲ ದರ್ಜೆಯ ಕಾಲೇಜು ಆಟದಲ್ಲಿ ಯಾರೂ ಮುಟ್ಟದ ಎತ್ತರ. ಕಾಲೇಜು ತಂಡಗಳ ರಾಷ್ಟ್ರೀಯ ಪಂದ್ಯಾವಳಿಯ 2024ರ ಏಪ್ರಿಲ್‌ನ ಫೈನಲ್‌ನಲ್ಲಿ ಐಯೋವ ಸೋತಿತು. ಆದರೆ ಅದನ್ನು ಟಿವಿಯಲ್ಲಿ ನೋಡಿದವರು 1.8 ಕೋಟಿಗೂ ಹೆಚ್ಚು, ಅದೇ ವರ್ಷದ ಪುರುಷರ ಫೈನಲ್ ನೋಡಿದವರು 1.48 ಕೋಟಿ. ಈಗ ಅವಳು ವೃತ್ತಿಪರ ಆಟಗಾರ್ತಿ, ಇಂಡಿಯಾನಾಪೊಲಿಸ್‌ನಲ್ಲಿದ್ದಾಳೆ.

ಹಾಗಾಗಿ ನನ್ನ ಖಚಿತ ಅಭಿಪ್ರಾಯ ಏನಾಗಿತ್ತೆಂದರೆ, ಜನ ಬರುತ್ತಿದ್ದದ್ದು ಅವಳೊಬ್ಬಳಿಗಾಗಿ. ತೇರು ಎಳೆದಾಯಿತು, ಇನ್ನು ಜಾತ್ರೆಯ ಮಾಳದಲ್ಲಿ ಬಾಳೆಹಣ್ಣಿನ ಸಿಪ್ಪೆ ಮಾತ್ರ. ಈ ಮಾತನ್ನು ಕಾರಿನಲ್ಲಿ ರೆಕಾರ್ಡ್ ಕೂಡ ಮಾಡಿದ್ದೆ. ಅದನ್ನು ಕತ್ತರಿಸಿ ಹಾಕಿದ್ದೇನೆ.

ಗಾಡಿ ನಿಲ್ಲಿಸಿದ್ದು, ನಡೆದದ್ದು, ಅಮ್ಮ ಜಾರಿದ್ದು, ಬೀಳದೇ ಉಳಿದದ್ದು, ಎಲ್ಲವೂ ಪರದೆಯ ಮೇಲಿದೆ. ನಾನು ಹೇಳಬೇಕಾದದ್ದು ಬಾಗಿಲ ಬಳಿಯ ಕತೆ.

ಅಮೆರಿಕದ ದೊಡ್ಡ ಕ್ರೀಡಾಂಗಣಗಳಲ್ಲಿ ಈಗ ಪಾರದರ್ಶಕ ಚೀಲದ ನಿಯಮವಿದೆ. ಒಳಗಿರುವುದೆಲ್ಲ ಹೊರಗಿನವರಿಗೆ ಕಾಣುವಂಥ ಪ್ಲಾಸ್ಟಿಕ್ ಚೀಲವನ್ನಷ್ಟೇ ಒಯ್ಯಬಹುದು, ಉಳಿದದ್ದಕ್ಕೆ ಅಂಗೈಯಗಲದ ಪರ್ಸು. ಇದು ನನಗೆ ಗೊತ್ತಿತ್ತೇ? ಗೊತ್ತಿತ್ತು. ಟಿಕೆಟ್ಟಿನ ಕೆಳಗೆ ಬರೆದೂ ಇತ್ತು. ಅಮ್ಮನ ಬಳಿ ಇದ್ದದ್ದೇನು? ಇಪ್ಪತ್ತು ವರ್ಷದ ಕಂದು ಬಣ್ಣದ ವ್ಯಾನಿಟಿ ಬ್ಯಾಗು, ಮೂರು ಜಿಪ್ಪು, ಅದರಲ್ಲಿ ಒಂದು ಕೆಟ್ಟಿದೆ. ಬಾಗಿಲಲ್ಲಿದ್ದ ಹುಡುಗ ಬಹಳ ವಿನಯದಿಂದ ಆಗುವುದಿಲ್ಲ ಎಂದ. ತಪ್ಪು ನನ್ನದೇ, ಅವನನ್ನು ಬೈಯುವಂತಿಲ್ಲ. ಬೈಯಲು ಯಾರೂ ಇಲ್ಲದಿದ್ದಾಗ ಸಿಟ್ಟು ಎಷ್ಟು ಬರುತ್ತದೆ ನೋಡಿ. ಕಾರಿಗೆ ವಾಪಸ್ಸು ಹೋಗಬೇಕೆಂದರೆ ಹದಿನೈದು ನಿಮಿಷ, ಬರಲು ಹದಿನೈದು, ಜೊತೆಗೆ ಆ ಚಳಿ. ಇವರು ಆಕಾಶ ನೋಡುತ್ತ ನಿಂತರು. ಕಷ್ಟದ ಹೊತ್ತಿನಲ್ಲಿ ಇವರಿಗೆ ಆಕಾಶದಲ್ಲಿ ಏನೋ ಕಾಣುತ್ತದೆ.

ಆಗ ಹಿಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬರು ತಮ್ಮ ಕೋಟಿನ ಜೇಬಿನಿಂದ ಮಡಚಿದ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದು ಅಮ್ಮನ ಕೈಗಿಟ್ಟರು. ಪ್ರತಿ ಪಂದ್ಯಕ್ಕೂ ಒಂದು ಹೆಚ್ಚುವರಿ ಇಟ್ಟುಕೊಂಡು ಬರುತ್ತಾರಂತೆ, ಪ್ರತಿ ಪಂದ್ಯದಲ್ಲೂ ನಮ್ಮಂಥವರು ಸಿಗುತ್ತಾರಂತೆ. ಅಲ್ಲೇ, ಆ ಸಾಲಿನಲ್ಲೇ, ವ್ಯಾನಿಟಿ ಬ್ಯಾಗಿನ ಸಂಸಾರವೆಲ್ಲ ಚೀಲಕ್ಕೆ ವರ್ಗವಾಯಿತು. ಅಮೃತಾಂಜನ. ಕುಂಕುಮದ ಡಬ್ಬಿ. ಬಿ.ಪಿ. ಮಾತ್ರೆ. ತಿಪಟೂರಿನಿಂದ ಬೆಂಗಳೂರಿಗೆ ಬಂದ ಬಸ್ಸಿನ ಟಿಕೆಟ್. ನೂರಾ ಒಂದು ರೂಪಾಯಿ ಹಾಕಿಟ್ಟ ಮುಯ್ಯಿಯ ಕವರು, ಯಾರ ಮದುವೆಗೋ ಕೊಡಲು ಮರೆತದ್ದು. ಮೂರು ಸೇಫ್ಟಿ ಪಿನ್ನು. ಮತ್ತು ಒಂದು ಡಬ್ಬಿ ಕೋಡುಬಳೆ. "ನನ್ನ ಮರ್ಯಾದೆಯೆಲ್ಲ ಗಾಜಿನ ಬೀರುವಿನಲ್ಲಿಟ್ಟ ಹಾಗಾಯಿತಲ್ಲೇ" ಎಂದಳು ಅಮ್ಮ. ಹೊರಗಿನ ತಿಂಡಿಯನ್ನು ಒಳಗೆ ಬಿಡುವುದಿಲ್ಲ ಎಂದು ಗೊತ್ತಾದಾಗ ಅದೇ ಸಾಲಿನಲ್ಲಿ ಕೋಡುಬಳೆ ಹಂಚಿದಳು. ಚೀಲ ಕೊಟ್ಟವರಿಗೆ ಎರಡು, ಅವರ ಗಂಡನಿಗೆ ಎರಡು, ಮುಂದಿದ್ದ ಮಕ್ಕಳಿಗೆ ಒಂದೊಂದು. ಖಾರಕ್ಕೆ ಒಬ್ಬ ಹುಡುಗನ ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ಕೇಳಿದ. ಖಾಲಿ ಬ್ಯಾಗು ಮಾತ್ರ ಇವರ ಜಾಕೆಟ್ಟಿನ ಒಳಗೆ ಹೋಗಲೊಲ್ಲದು. ಕೊನೆಗೆ ಇವರೇ ಕಾರಿಗೆ ಓಡಿದರು. ಮೊದಲ ಕ್ವಾರ್ಟರ್, ಅಂದರೆ ಆಟದ ಮೊದಲ ಕಾಲುಭಾಗ, ಇವರು ನೋಡಲಿಲ್ಲ. ಇದನ್ನು ಇನ್ನೆಷ್ಟು ವರ್ಷ ಕೇಳಬೇಕೋ.

ಸರಿ, ಒಳಗೆ ಬಂದೆವು. ಇದು ಕಾರ್ವರ್-ಹಾಕೈ ಅರೀನಾ. 1983ರಲ್ಲಿ ತೆರೆದದ್ದು. ಗುಡ್ಡದ ಇಳಿಜಾರನ್ನು ಕೊರೆದು ಕಟ್ಟಿದ್ದಾರೆ, ಹಾಗಾಗಿ ಬೀದಿಯಿಂದ ಒಳಗೆ ಕಾಲಿಟ್ಟರೆ ನೀವು ಕಟ್ಟಡದ ನೆತ್ತಿಯ ಮೇಲಿರುತ್ತೀರಿ, ಅಂಕಣ ಕೆಳಗೆ ಬಾವಿಯ ತಳದಲ್ಲಿ ಕಾಣುತ್ತದೆ. ಹತ್ತಬೇಕಲ್ಲ ಎಂದು ಮಂಡಿ ಹಿಡಿದುಕೊಂಡಿದ್ದ ಅಮ್ಮನಿಗೆ ಇಳಿಯುವುದೆಂದು ತಿಳಿದು ಸಮಾಧಾನವಾಯಿತು. ವಾಪಸ್ಸು ಹೋಗುವಾಗ ಹತ್ತಬೇಕೆಂದು ನಾನು ಆಗ ಹೇಳಲಿಲ್ಲ.

ಕೂರುವ ಜಾಗ 14,998. "ಇನ್ನಿಬ್ಬರನ್ನು ಕೂರಿಸಿದ್ದರೆ ಹದಿನೈದು ಸಾವಿರ ಆಗುತ್ತಿರಲಿಲ್ಲವೇ? ಜುಗ್ಗರು" ಎಂದಳು ಅಮ್ಮ.

ಎರಡು ವರ್ಷದ ಹಿಂದೆ ಚಳಿಗಾಲದ ಒಂದು ಮಂಗಳವಾರ ಇಲ್ಲಿಗೇ ಪುರುಷರ ಪಂದ್ಯಕ್ಕೆ ಬಂದಿದ್ದೆವು. ಮುಂದಿನ ಕುರ್ಚಿ ಖಾಲಿ, ಪಕ್ಕದ್ದೂ ಖಾಲಿ, ಒಂದರ ಮೇಲೆ ಕೋಟು, ಇನ್ನೊಂದರ ಮೇಲೆ ಕಾಲು. ರೈಲಿನ ಖಾಲಿ ಬೋಗಿಯ ಸುಖ. ವಾರದ ದಿನ, ಟಿವಿಯಲ್ಲಿ ಎಲ್ಲ ಪಂದ್ಯವೂ ಬರುತ್ತದೆ, ಎದುರಾಳಿ ಬಡಪಾಯಿ ತಂಡ, ಯಾರು ಬರುತ್ತಾರೆ? ನವೆಂಬರ್, ಡಿಸೆಂಬರ್‌ನಲ್ಲಿ ದೊಡ್ಡ ವಿಶ್ವವಿದ್ಯಾಲಯಗಳು ಸಣ್ಣ ಕಾಲೇಜುಗಳಿಗೆ ಹಣ ಕೊಟ್ಟು ತಮ್ಮ ಅಂಕಣಕ್ಕೆ ಕರೆಸಿ ಸೋಲಿಸಿ ಕಳಿಸುತ್ತವೆ. ಊಟ ಹಾಕಿ ಕುಸ್ತಿಗೆ ಕರೆದ ಹಾಗೆ. ಅಂಥ ಪಂದ್ಯಕ್ಕೆ ಅಲ್ಲಿನ ವಿದ್ಯಾರ್ಥಿಗಳೇ ಹೋಗುವುದಿಲ್ಲ. ಇನ್ನೊಂದು ಗುಟ್ಟು: ಕಾಲೇಜು ಪಂದ್ಯಗಳಲ್ಲಿ ಧ್ವನಿವರ್ಧಕದಲ್ಲಿ ಘೋಷಿಸುವ ಪ್ರೇಕ್ಷಕರ ಸಂಖ್ಯೆ ಬಹಳ ಕಡೆ ಮಾರಿದ ಮತ್ತು ಹಂಚಿದ ಟಿಕೆಟ್ಟುಗಳದ್ದು, ಬಾಗಿಲು ದಾಟಿದ ತಲೆಗಳದ್ದಲ್ಲ. ಟಿಕೆಟ್ ಕೊಂಡು ಮನೆಯಲ್ಲಿ ಮಲಗಿದವನೂ ಪ್ರೇಕ್ಷಕನೇ.

ಆದರೆ ಇವತ್ತಿನ ದೃಶ್ಯ ನೋಡಿ. ಕ್ಯಾಮೆರಾವನ್ನು ನಿಧಾನವಾಗಿ ತಿರುಗಿಸಿದ್ದೇನೆ. ಕಪ್ಪು, ಹಳದಿ, ಕಪ್ಪು, ಹಳದಿ. ಬೆನ್ನ ಮೇಲೆ 22 ಎಂದಿರುವ ಅಂಗಿಗಳು ಇನ್ನೂ ಇವೆ. ಆ ಸಂಖ್ಯೆಯನ್ನು 2025ರ ಫೆಬ್ರವರಿಯಲ್ಲಿ ಕ್ಲಾರ್ಕ್ ಹೆಸರಿಗೇ ಬಿಟ್ಟು, ಮುಂದೆ ಯಾರಿಗೂ ಕೊಡುವುದಿಲ್ಲವೆಂದು ಗೌರವಿಸಿದ್ದಾರೆ. ಅವಳಿಲ್ಲ, ಆದರೂ ಜನ ಇದ್ದಾರೆ. ಪುಟ್ಟ ಹುಡುಗಿಯರು ಇರುತ್ತಾರೆಂದು ಎಣಿಸಿದ್ದೆ, ಇದ್ದಾರೆ. ಎಣಿಸದೇ ಇದ್ದದ್ದು ಅಜ್ಜಿಯರನ್ನು. ಸಾಲು ಸಾಲು ಬಿಳಿ ತಲೆಗಳು, ಕೈಯಲ್ಲಿ ಪೆನ್ಸಿಲ್ ಹಿಡಿದು ಅಂಕ ಬರೆದುಕೊಳ್ಳುವವರು, ತೀರ್ಪುಗಾರನಿಗೆ ಎದ್ದು ನಿಂತು ಬೈಯುವವರು.

ಅಮ್ಮನ ಪಕ್ಕದಲ್ಲಿ ಅಂಥವರೊಬ್ಬರು, ಎಪ್ಪತ್ತು ದಾಟಿದವರು. ಮುಖ ತೋರಿಸಬೇಡ ಎಂದರು, ಅದಕ್ಕೆ ನಿಮಗೆ ಅವರ ಹೆಣಿಗೆಯ ಟೋಪಿ ಮಾತ್ರ ಕಾಣುತ್ತಿದೆ. ನಾನು ದುಭಾಷಿ. ಕ್ಲಾರ್ಕ್‌ಗಾಗಿ ಬರಲು ಶುರುಮಾಡಿದಿರಾ ಎಂದು ಕೇಳಿದೆ. ಅವರು ನನ್ನನ್ನು ನೋಡಿದ ರೀತಿ ಇದೆಯಲ್ಲ, ಅದು ರೆಕಾರ್ಡ್ ಆಗಲಿಲ್ಲ, ಪುಣ್ಯ.

ಅವರು ಆಡಿದವರು. ಇಲ್ಲಿನ ಶಾಲೆಗಳಲ್ಲಿ ಹುಡುಗಿಯರಿಗೆ ಬೇರೆಯದೇ ಬ್ಯಾಸ್ಕೆಟ್‌ಬಾಲ್ ಇತ್ತು, ತಂಡಕ್ಕೆ ಐವರಲ್ಲ, ಆರು ಮಂದಿ. ಅಂಕಣದ ನಡುವೆ ಗೆರೆ. ಮೂವರು ಗೆರೆಯ ಆಚೆ ಇದ್ದು ಬುಟ್ಟಿಗೆ ಚೆಂಡು ಹಾಕುವವರು, ಮೂವರು ಈಚೆ ಇದ್ದು ತಡೆಯುವವರು. ಗೆರೆ ದಾಟುವಂತಿಲ್ಲ, ಚೆಂಡನ್ನು ಎರಡು ಸಲಕ್ಕಿಂತ ಹೆಚ್ಚು ಪುಟಿಸುವಂತಿಲ್ಲ. ಹೆಣ್ಣುಮಕ್ಕಳು ಉದ್ದಕ್ಕೂ ಓಡಿದರೆ ಮೈಗೆ ಒಳ್ಳೆಯದಲ್ಲ ಎಂದು ಹಿರಿಯರು ನಂಬಿದ್ದ ಕಾಲದ ನಿಯಮ. ರಾಜ್ಯಮಟ್ಟದ ಪಂದ್ಯಾವಳಿ 1920ರಲ್ಲೇ ಶುರುವಾಗಿತ್ತು, ಆರು ಮಂದಿಯ ಆಟ ನಿಂತದ್ದು 1993ರಲ್ಲಿ. ತಮ್ಮ ಊರಿನ ತಂಡ ರಾಜಧಾನಿ ಡೆ ಮಾಯ್ನ್‌ನ ಪಂದ್ಯಾವಳಿಗೆ ಹೋದ ವರ್ಷ ಊರಿನಲ್ಲಿ ಅಂಗಡಿ ತೆರೆಯಲು ಒಬ್ಬರೂ ಉಳಿದಿರಲಿಲ್ಲ ಎಂದರು. ಉತ್ಪ್ರೇಕ್ಷೆ ಇರಬಹುದು ಎಂದು ಮನೆಗೆ ಬಂದು ಓದಿದೆ. ಡೆನಿಸ್ ಲಾಂಗ್ ಎಂಬ ಹುಡುಗಿ 1968ರ ಪಂದ್ಯಾವಳಿಯಲ್ಲಿ ಒಂದೇ ಪಂದ್ಯದಲ್ಲಿ 111 ಅಂಕ ಗಳಿಸಿದ್ದಾಳೆ. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೊದ ಪುರುಷರ ವೃತ್ತಿಪರ ತಂಡ ಅವಳನ್ನು ಆಯ್ಕೆ ಮಾಡಿತ್ತು, ಲೀಗ್ ಒಪ್ಪಲಿಲ್ಲ. ಅಗೋ, ಕೆಳಗೆ ಅಂಕಣದ ಪಕ್ಕ ಕೈ ಬೀಸುತ್ತಿರುವ ಈಗಿನ ಮುಖ್ಯ ತರಬೇತುದಾರೆ ಜ್ಯಾನ್ ಜೆನ್ಸನ್, ಆಕೆಯೂ ಆರು ಮಂದಿಯ ಆಟದವರೇ. 1987ರಲ್ಲಿ, ಶಾಲೆಯ ಕೊನೆಯ ವರ್ಷ, ಪಂದ್ಯಕ್ಕೆ ಸರಾಸರಿ 66 ಅಂಕ.

ಇದೇ ಅರೀನಾದಲ್ಲಿ 1985ರ ಫೆಬ್ರವರಿ 3ರಂದು, ವಿವಿಯನ್ ಸ್ಟ್ರಿಂಗರ್ ತರಬೇತುದಾರೆಯಾಗಿದ್ದಾಗ, ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ವಿರುದ್ಧದ ಮಹಿಳಾ ಪಂದ್ಯಕ್ಕೆ 22,157 ಜನ ನುಗ್ಗಿದ್ದರು. ಕೂರಲು ಇದ್ದ ಜಾಗ ಹದಿನೈದು ಸಾವಿರದ ಚಿಲ್ಲರೆ. ಮೆಟ್ಟಿಲ ಮೇಲೆಲ್ಲ ಜನ. ಕ್ಲಾರ್ಕ್ ಹುಟ್ಟಲು ಇನ್ನೂ ಹದಿನೇಳು ವರ್ಷವಿತ್ತು. ನನ್ನ ಜಾತ್ರೆ, ತೇರು, ಬಾಳೆಸಿಪ್ಪೆಯ ಮಾತನ್ನು ಯಾಕೆ ಕತ್ತರಿಸಿದೆ ಎಂದು ಈಗ ಗೊತ್ತಾಯಿತಲ್ಲ. ಹಾಗೆಂದು ಅವಳು ಹೋದದ್ದರಿಂದ ಏನೂ ಬದಲಾಗಿಲ್ಲ ಎಂದೂ ಹೇಳಲಾರೆ. ಅವಳಿದ್ದಾಗ ಇದೇ ಮರುಮಾರಾಟದ ಆ್ಯಪ್‌ನಲ್ಲಿ ಒಂದು ಟಿಕೆಟ್ಟಿಗೆ ಕೇಳುತ್ತಿದ್ದ ಬೆಲೆಯಲ್ಲಿ ಇವತ್ತು ನಾವು ಮೂವರೂ ಕುಳಿತಿದ್ದೇವೆ.

ಅಜ್ಜಿ ತಡೆಯುವವರ ಕಡೆ ಆಡಿದವರು. ಶಾಲೆಯ ನಾಲ್ಕು ವರ್ಷದಲ್ಲಿ ಒಂದೇ ಒಂದು ಸಲವೂ ಬುಟ್ಟಿಗೆ ಚೆಂಡು ಎಸೆಯಲಿಲ್ಲವಂತೆ, ನಿಯಮವೇ ಹಾಗೆ. ಅಮ್ಮನಿಗೆ ಇದನ್ನು ಹೇಳಿದೆ. ಅಮ್ಮ ಅವರ ಕೈಯನ್ನು ತಟ್ಟಿ, ಕನ್ನಡದಲ್ಲೇ, "ಬಡಿಸಿದ್ದೇ ಬಡಿಸಿದ್ದು, ಪಂಕ್ತಿಗೆ ಕೂರಲೇ ಇಲ್ಲ ಅನ್ನಿ" ಎಂದಳು. ನಾನು ಅನುವಾದಿಸಲಿಲ್ಲ. ಅವರಿಬ್ಬರೂ ನಕ್ಕರು, ಅದು ಹೇಗೋ ನನಗೆ ಗೊತ್ತಿಲ್ಲ.

ಅಮ್ಮ ಶಾಲೆಯಲ್ಲಿ ಥ್ರೋಬಾಲ್ ಆಡುತ್ತಿದ್ದಳು ಎಂಬುದು ನನಗೆ ಗೊತ್ತಾದದ್ದೂ ಆಗಲೇ. ನೋಡಲು ಯಾರು ಬರುತ್ತಿದ್ದರು ಎಂದು ಕೇಳಿದೆ. "ಡ್ರಿಲ್ ಮೇಷ್ಟ್ರು." 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಏಷ್ಯಾ ಕಪ್ ನಡೆಯಿತು, ಬಿ ವಿಭಾಗದ ಫೈನಲ್‌ನಲ್ಲಿ ಭಾರತ ಕಜಕಿಸ್ತಾನವನ್ನು ಎರಡೇ ಅಂಕದಿಂದ ಸೋಲಿಸಿತು. ಆಗ ನಾನು ಅಲ್ಲಿಂದ ಇಪ್ಪತ್ತು ನಿಮಿಷದ ನಡಿಗೆಯಲ್ಲಿದ್ದ ಪಿ.ಜಿ.ಯಲ್ಲಿ ಇದ್ದೆ. ಹೋಗಲಿಲ್ಲ. ಮಲಗಿದ್ದೆ ಎಂದು ಕಾಣುತ್ತದೆ. ಇಲ್ಲಿಗೆ ಬಂದು ಇವರ ಅಭಿಮಾನವನ್ನು ಹೊಗಳುತ್ತಿದ್ದೇನೆ.

ವಿರಾಮ. ಹೆಂಗಸರ ಶೌಚಾಲಯದ ಸಾಲು ಮೂಲೆ ತಿರುಗಿ ಕಾಣದ ಹಾಗೆ ಹೋಗಿದೆ, ಗಂಡಸರದ್ದರ ಮುಂದೆ ಇವರೊಬ್ಬರೇ ಫೋನು ನೋಡುತ್ತ ನಿಂತಿದ್ದಾರೆ. ಒಂದು ಪೊಟ್ಟಣ ಪಾಪ್‌ಕಾರ್ನ್ ಕೊಂಡೆವು. ಅಮ್ಮ ರೂಪಾಯಿಗೆ ಲೆಕ್ಕ ಹಾಕಿ, ಹಂಚಿಬಿಟ್ಟ ಕೋಡುಬಳೆಗಾಗಿ ಮರುಗಿದಳು. ದೃಶ್ಯ ಮುಗಿಯಿತು, ಓಡಬೇಕು.

ಆಟ ಹೇಗಿತ್ತು ಎಂದರೆ, ನೋಡುತ್ತಿದ್ದೀರಲ್ಲ. ನಾಲ್ಕನೆಯ ಕ್ವಾರ್ಟರ್‌ನಲ್ಲಿ ಪಕ್ಕದ ಅಜ್ಜಿ ಎದ್ದಾಗಲೆಲ್ಲ ಅಮ್ಮ ಎದ್ದಳು, ಅವರು ಕೂತಾಗ ಕೂತಳು, ಅವರು ಬೈದಾಗ ಇವಳೂ ಬೈದಳು. ಕೊನೆಯಲ್ಲಿ ಪ್ರೇಕ್ಷಕರ ಸಂಖ್ಯೆಯನ್ನು ಘೋಷಿಸಿದರು: 14,998. ಅಮ್ಮ ನನ್ನನ್ನು ತಿವಿದಳು. ಎದುರಿನ ಮೇಲ್ಸಾಲುಗಳಲ್ಲಿ ಖಾಲಿ ಕುರ್ಚಿಗಳನ್ನು ಮೂರನೆಯ ಕ್ವಾರ್ಟರ್‌ನಿಂದಲೇ ಎಣಿಸುತ್ತ ಬಂದಿದ್ದಳಂತೆ. ನಲವತ್ತೊಂದು.

ಇಲ್ಲಿಂದ ಮುಂದೆ ಚಿತ್ರವಿಲ್ಲ, ಚಳಿಗೆ ಫೋನು ಸತ್ತಿತು. ಮೆಟ್ಟಿಲು ಹತ್ತುವಾಗ ಅಮ್ಮ ಆಡಿದ ಮಾತುಗಳು ಹಾಗಾಗಿ ಉಳಿದಿಲ್ಲ. ಚೀಲ ಕೊಟ್ಟವರನ್ನು ಬಾಗಿಲಲ್ಲಿ ಹುಡುಕಿದೆವು, ಸಿಗಲಿಲ್ಲ. ಆ ಚೀಲ ಈಗ ನಮ್ಮ ಅಡುಗೆಮನೆಯ ಮೊಳೆಗೆ ನೇತಾಡುತ್ತಿದೆ. ಅಮ್ಮ ಅದರಲ್ಲಿ ಈರುಳ್ಳಿ ತುಂಬಿದ್ದಾಳೆ, ಎಷ್ಟು ಉಳಿದಿದೆ ಎಂದು ಕೂತಲ್ಲಿಂದಲೇ ಕಾಣುತ್ತದಂತೆ.